ಗೋಡೆಯಲ್ಲಿ ಬಿಟ್ಟ ಜಾಗ

"ಗುರುಗಳೇ, ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂಬುದನ್ನು ತಿಳಿಯುವುದು ಹೇಗೆ?" ಎಂದು ಶಿಷ್ಯ ಕರಿಬಸವ ಕೇಳಿದ.

ಮಧ್ಯಾಹ್ನದ ಊಟ ಮುಗಿದಿತ್ತು. ಗುರುಗಳು ಮಠದ ಜಗಲಿಯ ಮೇಲೆ ಕುಳಿತಿದ್ದರು. ಬರುವ ಸೋಮವಾರ ಕರಿಬಸವನಿಗೆ ದೀಕ್ಷೆ ಕೊಡುವುದೆಂದು ನಿಶ್ಚಯವಾಗಿತ್ತು. ದೀಕ್ಷೆಯಾದವನು ಮತ್ತೆ ತನ್ನ ಮನೆಯ ಹೊಸಿಲು ದಾಟುವಂತಿಲ್ಲ ಎಂಬುದು ಆ ಮಠದ ಕಟ್ಟಳೆ.

"ಯಾಕೆ ಕೇಳುತ್ತೀ?"

"ಮನೆ ಬಿಟ್ಟು ಮೂರು ವರ್ಷವಾಯಿತು. ಮೊದಮೊದಲು ಮನೆಯವರು ಕನಸಿಗೆ ಬರುತ್ತಿದ್ದರು. ಈಗ ಯಾರೂ ಬರುವುದಿಲ್ಲ. ದಿನವೂ ಒಳಗೆ ಹುಡುಕಿ ನೋಡುತ್ತೇನೆ, ಯಾರೂ ಇಲ್ಲ. ತಾವು ಒಂದು ಸಲ ಹೌದೆಂದರೆ ಧೈರ್ಯವಾಗಿ ದೀಕ್ಷೆ ತೆಗೆದುಕೊಳ್ಳುತ್ತೇನೆ."

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರನಿದ್ದ. ದೇವರ ಪಟ ಬರೆಯುವುದು ಅವನ ಮನೆತನದ ಕೆಲಸ. ಅವನ ತಂದೆ ಹದಿನಾರು ಹಾಳೆಗಳನ್ನು ಬಿಟ್ಟುಹೋಗಿದ್ದ. ಒಂದೊಂದು ಹಾಳೆಯಲ್ಲಿಯೂ ಒಂದೊಂದು ದೇವರ ಆಕಾರಕ್ಕೆ ಸರಿಯಾಗಿ ಸೂಜಿಯಿಂದ ತೂತು ಚುಚ್ಚಿತ್ತು. ಹಾಳೆಯನ್ನು ಹಲಗೆಯ ಮೇಲೆ ಹರಡಿ, ಇದ್ದಲ ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ಮೆಲ್ಲಗೆ ತಟ್ಟಿದರೆ, ಪುಡಿ ತೂತಿನಲ್ಲಿ ಇಳಿದು ಹಲಗೆಯ ಮೇಲೆ ಚುಕ್ಕೆಗಳಾಗುತ್ತಿತ್ತು. ಚುಕ್ಕೆ ಸೇರಿಸಿದರೆ ಗೆರೆ. ಗೆರೆಯ ಒಳಗೆ ಬಣ್ಣ. ಚಿತ್ರಗಾರ ಹುಟ್ಟಿದಾರಭ್ಯ ಹಾಗೆಯೇ ಬರೆದ. ಅವನ ಪಟದಲ್ಲಿ ತಪ್ಪು ಹುಡುಕಿದವರಿಗೆ ತಪ್ಪು ಸಿಕ್ಕಲಿಲ್ಲ.

ಅವನಿಗೊಬ್ಬ ತಮ್ಮನಿದ್ದ. ಮನೆಯಲ್ಲಿ ಅವನನ್ನು ಚಿಕ್ಕ ಎಂದು ಕರೆಯುತ್ತಿದ್ದರು. ಅಣ್ಣ ಹಲಗೆಯ ಮುಂದೆ ಕುಳಿತರೆ ತಮ್ಮ ಅವನ ಬಲಗಡೆ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಕಲ್ಲಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣ ಅರೆಯುವುದು ಅವನ ಕೆಲಸ. ಒಂದು ಬಣ್ಣ ಮುಗಿಸಿ ಇನ್ನೊಂದಕ್ಕೆ ಕುಂಚ ಅದ್ದುವ ಮೊದಲು ಕುಂಚದಲ್ಲಿ ಉಳಿದದ್ದನ್ನು ಒರೆಸಬೇಕು. ಅಣ್ಣ ಹಲಗೆಯಿಂದ ಕಣ್ಣು ತೆಗೆಯದೆ, ಬಲಗೈ ಚಾಚಿ, ಆ ಗೋಡೆಗೆ ಒರೆಸುತ್ತಿದ್ದ.

"ಅಣ್ಣಾ, ಗೋಡೆಗೆ ಒರೆಸುತ್ತೀಯೋ, ನನ್ನ ತಲೆಗೆ ಒರೆಸುತ್ತೀಯೋ?" ಎಂದು ತಮ್ಮ ನಗುತ್ತಿದ್ದ.

ಒಮ್ಮೆ ಕೊಳಲೂದುವ ಕೃಷ್ಣನ ಪಟ ಬರೆಯುತ್ತಿದ್ದರು. ತಂದೆಯ ಹಾಳೆಯಲ್ಲಿ ಹಸುವೂ ಕರುವೂ ಕೃಷ್ಣನ ಕಡೆಗೆ ನೋಡುತ್ತಿದ್ದವು. ಅಣ್ಣ ಸ್ನಾನಕ್ಕೆ ಹೋದಾಗ ತಮ್ಮ ಕುಂಚ ತೆಗೆದುಕೊಂಡು ಕರುವಿನ ಮುಖವನ್ನು ತಾಯಿಯ ಕಡೆಗೆ ತಿರುಗಿಸಿ ಬರೆದ.

"ಇದೇನು?" ಎಂದು ಅಣ್ಣ ಕೇಳಿದ.

"ಹಸಿದ ಕರು ಕೊಳಲು ಕೇಳುತ್ತದೆಯೇ ಅಣ್ಣಾ? ಅದಕ್ಕೆ ತಾಯಿ ಬೇಕು."

"ಅಪ್ಪನ ಚುಕ್ಕೆಗಿಂತ ನಿನ್ನ ಕೈ ದೊಡ್ಡದಾಯಿತೋ?"

ಅಣ್ಣ ಚಾಕು ತಂದು, ತಮ್ಮ ನೋಡುತ್ತಿದ್ದಂತೆಯೇ ಆ ಕರುವನ್ನು ಕೆರೆದುಹಾಕಿದ. ತಮ್ಮ ಬಣ್ಣದ ಬಟ್ಟಲನ್ನು ತೊಳೆದು ಬೋರಲು ಹಾಕಿ, ಉಟ್ಟ ಬಟ್ಟೆಯಲ್ಲಿಯೇ ಊರು ಬಿಟ್ಟುಹೋದ.

ಹನ್ನೆರಡು ವರ್ಷ ಕಳೆಯಿತು. ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಕೇಳಿದವರಿಗೆ ಚಿತ್ರಗಾರ, "ನನಗೆ ತಮ್ಮನಿಲ್ಲ" ಎನ್ನುತ್ತಿದ್ದ. ಅದು ಕೋಪದಲ್ಲಿ ಆಡಿದ ಮಾತಾಗಿರಲಿಲ್ಲ. ಇಲ್ಲದ್ದನ್ನು ಇಲ್ಲವೆನ್ನುವ ಹಾಗೆ ಹೇಳುತ್ತಿದ್ದ. ತನ್ನೊಳಗೆ ಅವನಿಲ್ಲ ಎಂದೇ ಅವನು ನಂಬಿದ್ದ.

ಬಣ್ಣವನ್ನು ತಾನೇ ಅರೆದುಕೊಂಡ. ಕುಂಚವನ್ನು ಅದೇ ಗೋಡೆಗೆ ಒರೆಸಿದ. ಪ್ರತಿ ಯುಗಾದಿಗೂ ಹೆಂಡತಿ, "ಆ ಗೋಡೆಗೆ ಸುಣ್ಣ ಬಳಿಯೋಣ, ನೋಡಲಾಗುವುದಿಲ್ಲ" ಎನ್ನುತ್ತಿದ್ದಳು. "ಸುಣ್ಣದ ಪುಡಿ ಬಣ್ಣಕ್ಕೆ ಬೀಳುತ್ತದೆ. ಬರುವ ವರ್ಷ ನೋಡೋಣ" ಎಂದು ಅವನು ಪ್ರತಿ ವರ್ಷವೂ ಹೇಳುತ್ತಿದ್ದ.

ಹೀಗಿರುವಾಗ ಒಬ್ಬ ವರ್ತಕ ವೀಳ್ಯದ ತಟ್ಟೆ ಹಿಡಿದು ಬಂದ.

"ಹೊಸ ಮನೆ ಕಟ್ಟಿಸಿದ್ದೇನೆ. ನಾನು ಊರೂರು ತಿರುಗುವವನು. ಮನೆಗೆ ಕಾಲಿಟ್ಟ ಕೂಡಲೇ, ಬಹಳ ದಿನದಿಂದ ಕಾಯುತ್ತಿದ್ದವರು ಯಾರೋ ಬಂದು ಕೂತಿದ್ದಾರೆ ಎನ್ನಿಸಬೇಕು. ಅಂಥ ಒಂದು ಪಟ ಬರೆದುಕೊಡು. ದೇವರು ಯಾರಾದರೂ ಸರಿ."

ಚಿತ್ರಗಾರ ವೀಳ್ಯ ತೆಗೆದುಕೊಂಡ. ಹುಣ್ಣಿಮೆಗೆ ಕೊಡುತ್ತೇನೆಂದ. ವೀಳ್ಯ ಹಿಂದಿರುಗಿಸಿದವನು ಮತ್ತೆ ಕುಂಚ ಹಿಡಿಯಬಾರದು ಎಂಬ ನೇಮ ಅವನ ಮನೆತನದಲ್ಲಿತ್ತು.

ಹದಿನಾರು ಹಾಳೆಗಳನ್ನು ಹರಡಿ ನೋಡಿದ. ಲಕ್ಷ್ಮಿ ಕೂತಿದ್ದಳು, ಆದರೆ ಎಲ್ಲಿಂದಲೋ ಬಂದವಳಲ್ಲ. ಗಣಪತಿಯೂ ಕೂತಿದ್ದ, ಅವನನ್ನು ಯಾರೂ ಕಾದಿರಲಿಲ್ಲ. ಚುಕ್ಕೆ ತಟ್ಟಿದ, ಅಳಿಸಿದ. ಮತ್ತೆ ತಟ್ಟಿದ, ಮತ್ತೆ ಅಳಿಸಿದ. ಕೊನೆಗೆ ಹಾಳೆಗಳನ್ನು ಕಟ್ಟಿ ಮೂಲೆಗಿಟ್ಟು ಬರಿಯ ಹಲಗೆಯ ಮುಂದೆ ಕುಳಿತ.

ಏನು ಬರೆಯಬೇಕೆಂದು ತಿಳಿಯದೆ ಅವನು ಸುಮ್ಮನೆ ಬಣ್ಣ ಕಲಸಿದ. ನೀಲಿಗೆ ನೀರು ಬೆರೆಸಿದ, ಅದು ಮುಂಜಾವದ ಬಣ್ಣವಾಯಿತು. ಕೆಂಪಿಗೆ ದೀಪದ ಮಸಿ ಬೆರೆಸಿದ, ಅದಕ್ಕೆ ಹೆಸರೇ ಇರಲಿಲ್ಲ. ಕುಂಚವನ್ನು ಹಲಗೆಯವರೆಗೆ ಒಯ್ಯುತ್ತಿದ್ದ, ಹಲಗೆ ಮುಟ್ಟಲು ಧೈರ್ಯ ಸಾಲದೆ ಗೋಡೆಗೆ ಒರೆಸುತ್ತಿದ್ದ. ಮಾಡಿನ ಬೆಳಕಿಂಡಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಅರೆ ಮುಚ್ಚುತ್ತಿತ್ತು. ನಿದ್ದೆಯೋ ಎಚ್ಚರವೋ ಹೇಳಲು ಬರುತ್ತಿರಲಿಲ್ಲ. ನೀರಿನ ಮೇಲೆ ನೀರಿನಿಂದ ಬರೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಅದ್ದುತ್ತಿತ್ತು, ಚಾಚುತ್ತಿತ್ತು, ಒರೆಸುತ್ತಿತ್ತು.

ಹುಣ್ಣಿಮೆಯ ದಿನ ವರ್ತಕ ಬಂದ. ಬಂದವರು ಅಂಗಳದಲ್ಲಿ ನಿಲ್ಲುವುದು ರೂಢಿ. ಕರೆದರೂ ಚಿತ್ರಗಾರ ಹೊರಗೆ ಬರದ್ದರಿಂದ ವರ್ತಕ ಕೆಲಸದ ಕೋಣೆಯ ಬಾಗಿಲಿಗೇ ಬಂದು ನಿಂತ.

ಚಿತ್ರಗಾರ ತಲೆ ತಗ್ಗಿಸಿ, ವೀಳ್ಯ ಹಿಂದಿರುಗಿಸಲು ತಟ್ಟೆಗೆ ಕೈ ಹಾಕಿದ. "ಹಲಗೆ ಬರಿದಾಗಿಯೇ ಇದೆ. ನನ್ನಿಂದ ಆಗಲಿಲ್ಲ."

"ಆಗದೆ ಏನು? ಬಂದು ಕೂತಿದ್ದಾನಲ್ಲ" ಎಂದ ವರ್ತಕ. ಅವನು ಹಲಗೆಯನ್ನು ನೋಡುತ್ತಿರಲಿಲ್ಲ, ಗೋಡೆಯನ್ನು ನೋಡುತ್ತಿದ್ದ. "ಯಾರು ಅವನು?"

"ಯಜಮಾನರೇ, ಅದು ಕುಂಚ ಒರೆಸಿದ ಕೊಳೆ."

"ಕೊಳೆಯ ನಡುವೆ ಕೂತವನನ್ನು ಕೇಳಿದೆ. ಇಲ್ಲಿ ಬಂದು ನಿಂತು ನೋಡು ಮಾರಾಯ."

ಚಿತ್ರಗಾರ ಎದ್ದು ಬಾಗಿಲಿಗೆ ಹೋಗಿ ತಿರುಗಿ ನಿಂತ. ಅಷ್ಟು ದೂರದಿಂದ ಅವನು ಆ ಗೋಡೆಯನ್ನು ಎಂದೂ ನೋಡಿರಲಿಲ್ಲ.

ಗೋಡೆಯ ತುಂಬ ಬಣ್ಣವಿತ್ತು. ಹನ್ನೆರಡು ವರ್ಷದ ಕೆಂಪು, ಹಳದಿ, ಹಸಿರು ಒಂದರ ಮೇಲೊಂದು ಕೂತು ದಪ್ಪವಾಗಿತ್ತು. ನಡುವೆ ಒಂದೇ ಒಂದು ಕಡೆ ಬಣ್ಣ ತಾಗಿರಲಿಲ್ಲ. ಆ ಜಾಗಕ್ಕೆ ಒಂದು ತಲೆಯಿತ್ತು. ಎರಡು ಭುಜಗಳಿದ್ದವು, ಬಲ ಭುಜ ಸ್ವಲ್ಪ ಇಳಿದಿತ್ತು. ಬಟ್ಟಲಿನಲ್ಲಿ ಬಣ್ಣ ಅರೆಯುವವನ ಭುಜ ಇಳಿಯುವುದೇ ಹಾಗೆ.

ಅಲ್ಲಿ ಯಾರೂ ಇರದ ಹನ್ನೆರಡು ವರ್ಷವೂ ಅವನ ಕೈ, ಅಲ್ಲಿ ಕೂತವನಿಗೆ ಬಣ್ಣ ತಾಗದಂತೆ ಸುತ್ತಿಕೊಂಡು ಹೋಗಿತ್ತು.

ಚಿತ್ರಗಾರನಿಗೆ ಮೊದಲು ಬಂದದ್ದು ಸಿಟ್ಟು. ದಪ್ಪ ಕುಂಚವನ್ನು ಮಸಿಯಲ್ಲಿ ಅದ್ದಿ, ಆ ಖಾಲಿ ಜಾಗವನ್ನು ತುಂಬಿಬಿಡಲು ಹೋದ. ಕುಂಚ ಗೋಡೆಗೆ ಒಂದು ಬೆರಳು ದೂರದವರೆಗೆ ಹೋಯಿತು, ಅಲ್ಲೇ ನಿಂತಿತು. ಮತ್ತೊಮ್ಮೆ ಕೈ ಎತ್ತಿದ. ಮತ್ತೆ ನಿಂತಿತು. ಕುಂಚದ ಮಸಿ ಅವನ ಪಾದದ ಮೇಲೆ ತೊಟ್ಟಿಕ್ಕಿತು.

"ಚಿಕ್ಕಾ" ಎಂದ. ಹನ್ನೆರಡು ವರ್ಷದ ಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿಸಿತು.

ಮಜ್ಜಿಗೆ ತಂದಿದ್ದ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಮೊದಲನೆಯ ವರ್ಷವೇ ನನಗೆ ಕಂಡಿತ್ತು. ನಾನು ಹೇಳಿದರೆ ನೀವು ಕೇಳುತ್ತಿದ್ದಿರಾ? ಸುಣ್ಣ ಬಳಿಯಲು ಹೋದಾಗಲಾದರೂ ಕಣ್ಣಿಗೆ ಬೀಳಲಿ ಎಂದು ಪ್ರತಿ ಯುಗಾದಿಗೂ ಹೇಳಿದೆ" ಎಂದಳು.

ವರ್ತಕ ಮುಂದಿನ ಹುಣ್ಣಿಮೆಗೆ ಬರುತ್ತೇನೆಂದು ಹೊರಟ. ಹೋಗುವಾಗ, "ನನಗೆ ಇವನೇ ಬೇಕು" ಎಂದ.

ಚಿತ್ರಗಾರ ತನಗೆ ತಿಳಿದದ್ದನ್ನೇ ಮಾಡಿದ. ಗೋಡೆಯ ಮೇಲೆ ಹಾಳೆ ಹಿಡಿದು, ಆ ಆಕಾರದ ಅಂಚಿಗೆ ಸೂಜಿಯಿಂದ ತೂತು ಚುಚ್ಚಿದ. ಹಾಳೆಯನ್ನು ಹಲಗೆಗೆ ತಂದು ಇದ್ದಲು ತಟ್ಟಿದ, ಚುಕ್ಕೆ ಸೇರಿಸಿದ, ಸುತ್ತಲೂ ಬಣ್ಣ ತುಂಬಿದ. ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಬಾಗಿಲಿಗೆ ಹೋಗಿ ನಿಂತು ನೋಡಿದ. ಅಲ್ಲಿ ಕೂತಿದ್ದವನು ಅವನ ತಮ್ಮನಲ್ಲ, ದರ್ಜಿಗೆ ಅಳತೆ ಕೊಡಲು ಕೂತ ಯಾರೋ ಒಬ್ಬ.

ಆ ಹಲಗೆಯನ್ನು ಅವನು ಒಲೆಗೆ ಹಾಕಿದ. ಬುತ್ತಿ ಕಟ್ಟಿಸಿಕೊಂಡು ಹೊರಟ.

ತಮ್ಮ ಇರುವ ಊರನ್ನು ಹೆಂಡತಿ ಮೊದಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ಅದು ಮೂರು ದಿನದ ದಾರಿ. ತಮ್ಮ ಒಂದು ಮನೆಯ ಅಂಗಳದಲ್ಲಿ ಮಗುವಿನ ತೊಟ್ಟಿಲಿಗೆ ಗಿಳಿಗಳನ್ನು ಬರೆಯುತ್ತಿದ್ದ. ತಲೆ ಎತ್ತಿ ಅಣ್ಣನನ್ನು ನೋಡಿದ. ಎದ್ದು ನಿಲ್ಲಲಿಲ್ಲ.

"ಏನಣ್ಣಾ, ಈ ಗಿಳಿಯನ್ನೂ ಕೆರೆಯಲು ಬಂದೆಯಾ? ಚಾಕು ತಂದಿದ್ದೀಯಾ, ನಾನೇ ಕೊಡಲಾ?"

ಚಿತ್ರಗಾರ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಬೇರೆಯೇ.

"ಗೋಡೆಗೆ ಸುಣ್ಣ ಬಳಿಯಬೇಕು ಚಿಕ್ಕಾ. ನಿನ್ನ ಅತ್ತಿಗೆ ಹಟ ಹಿಡಿದಿದ್ದಾಳೆ. ನೀನು ಅಲ್ಲಿಂದ ಎದ್ದರೆ ತಾನೇ ಬಳಿಯುವುದು?"

ತಮ್ಮನಿಗೆ ಈ ಮಾತು ಅರ್ಥವಾಗಲಿಲ್ಲ. ಅಣ್ಣನ ಮುಖ ನೋಡಿದ. ಆ ಮುಖ ಅರ್ಥವಾಯಿತು. ಅರ್ಧ ಬರೆದಿದ್ದ ಗಿಳಿಗೆ ಕೊಕ್ಕು ಬರೆದು ಮುಗಿಸಿ, ಕುಂಚ ತೊಳೆದುಕೊಂಡು ಎದ್ದ.

ಊರಿಗೆ ಬಂದ ದಿನ ತಮ್ಮ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯನ್ನು ನೋಡಿದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತ. ಈಗ ಅವನ ಮೈ ತುಂಬಿತ್ತು. ಭುಜ ಆಚೀಚೆ ಸ್ವಲ್ಪ ಬಣ್ಣಕ್ಕೆ ತಾಗಿತು.

"ಅಣ್ಣಾ, ಇಷ್ಟು ಕೊಳೆಯಲ್ಲಿ ನನ್ನ ಜಾಗ ಒಂದನ್ನು ಚೊಕ್ಕಟವಾಗಿ ಇಟ್ಟಿದ್ದೀಯಲ್ಲ" ಎಂದ.

ಚಿತ್ರಗಾರ ಹುಣಸೆ ಕಡ್ಡಿ ಸುಟ್ಟ ಇದ್ದಲನ್ನು ತೆಗೆದುಕೊಂಡು ಬರಿಯ ಹಲಗೆಯ ಮೇಲೆ ಒಂದು ಗೆರೆ ಎಳೆದ. ಕೆಳಗೆ ಹಾಳೆಯಿರಲಿಲ್ಲ, ಚುಕ್ಕೆಯಿರಲಿಲ್ಲ. ಗೆರೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಬಲಗಡೆ ಬಟ್ಟಲಿನಲ್ಲಿ ಕಲ್ಲು ಅರೆಯುವ ಸದ್ದು ಕೇಳುತ್ತಿತ್ತು. ಗೆರೆ ಬಾಗಿತು. ಬೆಟ್ಟವಿರಬೇಕು ಎಂದುಕೊಂಡ. ಬೆಟ್ಟ ಮೆಲ್ಲಗೆ ಒಂದು ಹಸುವಿನ ಬೆನ್ನಾಯಿತು. ಹಸು ಕತ್ತು ಹಿಂದಕ್ಕೆ ಹೊರಳಿಸಿತು. ಯಾಕೆ ಹೊರಳಿಸಿತು ಎಂದು ನೋಡುವಷ್ಟರಲ್ಲಿ ಅದರ ಕಾಲ ಬಳಿ ಕರು ಬಂದು ಮಲಗಿತ್ತು. ತಾಯಿಯನ್ನೇ ನೋಡುತ್ತಿತ್ತು. ಕೊಳಲೂದುವವನು ಆ ಪಟಕ್ಕೆ ಬರಲೇ ಇಲ್ಲ.

ಚಿತ್ರಗಾರ ಇದ್ದಲು ಕೆಳಗಿಟ್ಟ. ತಾನು ಬರೆದದ್ದನ್ನು, ಬೇರೆ ಯಾರೋ ಬರೆದದ್ದನ್ನು ನೋಡುವಂತೆ ನೋಡಿದ. ಹನ್ನೆರಡು ವರ್ಷವೂ ತಾನು ತಮ್ಮನನ್ನು ಕಾಯುತ್ತಲೇ ಇದ್ದೆನೆಂಬುದು ಅವನಿಗೆ ಆಗ ತಿಳಿಯಿತು.

ಹುಣ್ಣಿಮೆಗೆ ವರ್ತಕ ಬಂದ. ಗೋಡೆಗೆ ಸುಣ್ಣ ಬಳಿದಾಗಿತ್ತು. ಅವನು ಪಟದ ಮುಂದೆ ನಿಂತ. ಚಪ್ಪಲಿ ಕಳಚಿ, ಅದರ ಮುಂದೆ ನೆಲದ ಮೇಲೆಯೇ ಕುಳಿತುಕೊಂಡ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಕರಿಬಸವ ನಕ್ಕ. "ಎಂಥ ಮನುಷ್ಯ ಗುರುಗಳೇ! ಹನ್ನೆರಡು ವರ್ಷ ಕೈಯಳತೆಯಲ್ಲೇ ಇದ್ದದ್ದು ಕಾಣಲಿಲ್ಲವೇ? ನಾನಾಗಿದ್ದರೆ ಹನ್ನೆರಡು ದಿನ ಬೇಕಾಗುತ್ತಿರಲಿಲ್ಲ."

ಗುರುಗಳು ಅವನನ್ನು ನೋಡಿ ಹೇಳಿದರು: "ಮೂರು ವರ್ಷದಿಂದ ಊಟದ ಸಾಲಿನಲ್ಲಿ ನಿನ್ನ ಎಡಗಡೆ ಒಂದು ಎಲೆ ಹಾಕುವಷ್ಟು ಜಾಗ ಬಿಟ್ಟೇ ಕೂರುತ್ತೀಯಲ್ಲ ಕರಿಬಸವ, ಅದು ಯಾರಿಗೆ?"