ಬೇಸಿಗೆಯಲ್ಲಿ ನೆಟ್ಟ ಗಡಿಕಲ್ಲು

ಕೇಳಿ ಸ್ವಾಮಿ, ಸರ್ವೆಯವರು ಕೆರೆ ಅಳೆದದ್ದು ಕಡುಬೇಸಿಗೆಯಲ್ಲಿ! ಬತ್ತಿ ಉಳಿದ ನೀರಿನ ಅಂಚಿಗೇ ಗಡಿಕಲ್ಲು ನೆಟ್ಟು ಹೋದರು. ಆ ಒಂಟಿ ಕಲ್ಲಿಗೆ ಮಾತಿಗೆ ಸಿಕ್ಕಿದ್ದು ಒಂದು ಟಿಟ್ಟಿಭ ಹಕ್ಕಿ ಮಾತ್ರ.

"ಕಲ್ಲಣ್ಣ, ನಿನ್ನ ಹಿಂದಿನ ನೆಲದಲ್ಲಿ ಮೊಟ್ಟೆ ಇಡಲೇ? ನೀರು ಬಂದೀತೇ?"

"ನಾನು ಸರ್ಕಾರಿ ಕಲ್ಲು ತಾಯಿ! ನನ್ನನ್ನು ದಾಟಲು ನೀರಿಗೆ ಅನುಮತಿಯಿಲ್ಲ."

"ಅದನ್ನು ನೀರಿಗೆ ಹೇಳಿದ್ದೀಯಾ?"

"ಹೇಳುವುದೇನು, ನಕ್ಷೆಯಲ್ಲೇ ಇದೆ!"

ಹಕ್ಕಿ ನಂಬಿತು. ಮುಂಗಾರಿನಲ್ಲಿ ಕೆರೆ ತುಂಬಿ ತನ್ನ ಹಳೆಯ ದಡ ಮುಟ್ಟಿತು, ಮೊಟ್ಟೆಗಳು ಮುಳುಗಿದವು. ಹಕ್ಕಿ ಹಾರಿಹೋಯಿತು.

ಮರುಬೇಸಿಗೆಯಲ್ಲಿ ಗಂಡಹೆಂಡಿರಿಬ್ಬರು ಬಂದು ಅದೇ ಜಾಗದಲ್ಲಿ ಮನೆಗೆ ಪಾಯ ತೋಡಿಸಲು ನಿಂತರು.

"ಬೇಡಿ, ಇದು ಕೆರೆಯ ನೆಲ!" ಎಂದು ಕಲ್ಲು ಕೂಗಿಕೊಂಡಿತು.

ಅವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕೈಮುಗಿದು, ಗುದ್ದಲಿ ಎತ್ತಿಸಿದರು.