ಪಿಯಾನೋ ನಿಲ್ಲುವವರೆಗೆ

ಫ್ರಾನ್ಸಿನ ಒಂದು ನದಿ ದಡದ ಊರಿನಲ್ಲಿ ಅರ್ಮಾನ್ ಎಂಬ ಮುದಿ ಸಂಗೀತ ಮೇಷ್ಟ್ರು ಇದ್ದರು. ಹೊಸ ಕಾಲದ ಕವಿಗಳ ಪದ್ಯಗಳಿಗೆ ರಾಗ ಕಟ್ಟುವುದು ಅವರ ಕಸುಬು. ಒಂದು ಕಂಠ, ಒಂದು ಪಿಯಾನೋ. ಮೂರನೆಯದಕ್ಕೆ ಜಾಗವಿಲ್ಲ ಎನ್ನುತ್ತಿದ್ದರು.

ಸೊಲಾಂಜ್ ಅವರ ಶಿಷ್ಯೆ. ಅವಳ ತಮ್ಮ ರೆನೋ ಕವಿ. ಯುದ್ಧಕ್ಕೆ ಹೋದವನು ಹೆಣವಾಗಿಯೂ ಮನೆಗೆ ಬರಲಿಲ್ಲ.

ಅವನ ಒಂದು ಪದ್ಯಕ್ಕೆ ಮೇಷ್ಟ್ರು ರಾಗ ಕಟ್ಟಿದ್ದರು. ಅದರಲ್ಲಿ ಪ್ರಾಸವಿಲ್ಲ, ಹುಣ್ಣಿಮೆಯಿಲ್ಲ. ಹಾಲಿನ ಕ್ಯಾನು, ರೈಲಿನ ಕಿಟಕಿ, ಅಕ್ಕ ಹೆಣೆದ ಕೈಗವಸು. ಓದಿದರೆ ಇದೂ ಒಂದು ಪದ್ಯವೇ ಎಂಬ ಅನುಮಾನ ಬರುತ್ತಿತ್ತು. ಹಾಡಿದರೆ ಕರುಳು ಹಿಂಡುತ್ತಿತ್ತು.

ಸೊಲಾಂಜಳಿಗೆ ಹಿಂದೆ ಮುಂದೆ ಬೇರೆ ಯಾರೂ ಇರಲಿಲ್ಲ. ಊರಿನ ಸಂಗೀತ ಸಭೆಯಲ್ಲಿ ಆ ಹಾಡು ಹಾಡಿ, ಹಿಂಬಾಗಿಲಿನಿಂದ ಹೊರಟು ನೇರ ನದಿಗೆ ಇಳಿದುಬಿಡುವುದೆಂದು ತೀರ್ಮಾನಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಸಭೆಯ ಹಿಂದಿನ ದಿನ, ಅಭ್ಯಾಸದಲ್ಲಿ ಕೊನೆಯ ಮಾತು ಹಾಡಿದ್ದೇ ತಡ, ಅವಳು ಆಚೆ ತಿರುಗಿದಳು. ಇನ್ನೂ ನುಡಿಸುತ್ತಿದ್ದ ಮೇಷ್ಟ್ರು ಕೈ ನಿಲ್ಲಿಸಿದರು.

“ಎಲ್ಲಿಗೆ ಹೊರಟೆ?”

“ಹಾಡು ಮುಗೀತಲ್ಲ ಮೇಷ್ಟ್ರೇ.”

“ನಿನ್ನ ಮಾತು ಮುಗೀತು. ಹಾಡು ಮುಗಿದಿಲ್ಲ. ಪಿಯಾನೋ ನಿಲ್ಲೋವರೆಗೂ ಹಾಡುವವಳು ಕದಲಬಾರದು. ಮೊದಲ ಪಾಠದಲ್ಲೇ ಹೇಳಿದ್ದೆ.”

“ಮಾತೇ ಇಲ್ಲದಾಗ ನಿಂತು ಏನು ಮಾಡಲಿ?”

“ನಿಂತಿರು.”

ಅವಳಿಗೆ ಸಿಟ್ಟು ಬಂತು. ಹೇಳುವುದು ಸುಲಭ, ಸತ್ತಿರುವುದು ಇವರ ತಮ್ಮನಲ್ಲವಲ್ಲ ಎಂದುಕೊಂಡಳು.

ಮೇಷ್ಟ್ರು ಅವಳನ್ನೇ ನೋಡಿದರು. “ನಿನ್ನ ಉಣ್ಣೆ ಕೋಟು ಎಲ್ಲಿ?”

“ಪಕ್ಕದ ಮನೆ ಮಾರ್ಗೋಗೆ ಕೊಟ್ಟುಬಿಟ್ಟೆ.”

“ಚಳಿ ಈಗ ತಾನೇ ಶುರುವಾಗ್ತಿದೆ.”

“ನನಗಿನ್ನು ಬೇಕಾಗಲ್ಲ.”



ಮರುದಿನ ಸಭೆ ತುಂಬಿತ್ತು. ಸೊಲಾಂಜ್ ಹಾಡಿದಳು. ಕೈಗವಸಿನ ಮಾತು ಬಂತು, ಅದೂ ಮುಗಿಯಿತು. ಪಿಯಾನೋ ಒಂದೇ ಮುಂದುವರಿಯಿತು.

ನಿಯಮ ನಿಯಮವೇ. ಅವಳು ನಿಂತಳು, ಕಣ್ಣು ಮಾತ್ರ ಹಿಂಬಾಗಿಲಿನ ಮೇಲಿತ್ತು. ಇನ್ನೊಂದೇ ಸ್ವರ ಬಾಕಿ.

ಆ ಸ್ವರವನ್ನು ಮೇಷ್ಟ್ರು ನುಡಿಸಲಿಲ್ಲ. ಮಾತು ಮುಗಿದ ಜಾಗಕ್ಕೆ ಹಿಂತಿರುಗಿ ಮತ್ತೆ ಶುರುಮಾಡಿದರು. ಕೊನೆಗೆ ಬಂದು ಮತ್ತೆ ಹಿಂತಿರುಗಿದರು.

ಜನ ಮುಖಮುಖ ನೋಡಿಕೊಂಡರು. ಮುದುಕನಿಗೆ ಅರಳುಮರಳು ಎಂದು ಯಾರೋ ಗೊಣಗಿದರು. ಕೆಲವರು ಎದ್ದು ಹೋದರು.

ಮೇಷ್ಟ್ರ ಬೆರಳುಗಳು ಸೋತವು. ತಪ್ಪು ಸ್ವರಗಳು ಬಿದ್ದವು. ಶಿಷ್ಯರ ಒಂದು ತಪ್ಪನ್ನೂ ಸಹಿಸದ ಮನುಷ್ಯ ತುಂಬಿದ ಸಭೆಯಲ್ಲಿ ತಪ್ಪುತ್ತಾ, ಬೆವರುತ್ತಾ ನುಡಿಸುತ್ತಿದ್ದರು.

ಸೊಲಾಂಜಳಿಗೆ ಅದನ್ನು ನೋಡಲಾಗಲಿಲ್ಲ. ತಮ್ಮ ಸತ್ತ ಸುದ್ದಿ ಕೇಳಿದಾಗ ಬಾರದ ಅಳು ಈಗ ಬಂತು. ಅವಳು ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದಳು.

“ಸಾಕು ಮೇಷ್ಟ್ರೇ. ಇನ್ನೂ ಎಷ್ಟು ಹೊತ್ತು ನುಡಿಸ್ತೀರಿ?”

ಮೇಷ್ಟ್ರು ತಲೆಯೆತ್ತಲಿಲ್ಲ.

“ಮಾರ್ಗೋ ಹತ್ರ ಆ ಕೋಟು ವಾಪಸ್ ಇಸ್ಕೋತೀನಿ ಅಂತ ನೀನು ಹೇಳೋವರೆಗೂ.”