ಮೊದಲ ಗೋಣಿ

ಮಲಪ್ರಭೆಯ ದಂಡೆಗೆ ಒಂದು ಬಯಲು. ನಾಲ್ಕು ಮೂಲೆಗೆ ನಾಲ್ಕು ಗೋಣಿಚೀಲ, ಗಾಳಿಗೆ ಹಾರದಂತೆ ಒಳಗೆ ಮರಳು. ಅಲ್ಲಿ ಫಕೀರಪ್ಪ ಮಾಸ್ತರರು ಬೇಸ್‌ಬಾಲ್ ಕಲಿಸುತ್ತಿದ್ದರು.

ಯಮನೂರ ಅಲ್ಲೇ ಕಲಿತವನು. ಈ ವರ್ಷ ಪಗಾರ ಕೊಡುವ ತಂಡ ಸೇರಿದ್ದ. ಏಳು ಪಂದ್ಯ ಆಡಿ, ತಲೆ ತಗ್ಗಿಸಿಕೊಂಡು ಬಂದ.

ಮೊದಲ ಗೋಣಿಯಿಂದ ನಾಲ್ಕು ಹೆಜ್ಜೆಗೆ ಬೇವಿನ ಗಿಡ. ಮಾಸ್ತರರು ಅದರ ಕೆಳಗೆ ಕೂತಿದ್ದರು. ಪಕ್ಕದಲ್ಲಿ ಆರಿದ ಒಲೆ. ಒಲೆಯೊಳಗೆ ಇರುವೆಗಳು ಗೂಡು ಕಟ್ಟಿದ್ದವು.

ಅವರ ಹೆಂಡತಿ ದ್ಯಾಮವ್ವ ತೀರಿಕೊಂಡು ಮೂರು ತಿಂಗಳು. ಯಮನೂರನಿಗೆ ಮಣ್ಣಿಗೆ ಬರಲೂ ಆಗಿರಲಿಲ್ಲ.

ಮೊದಲ ಗೋಣಿಯಿಂದ ಹೊಳೆಯ ಜೊಂಡಿನವರೆಗೆ ಸಣ್ಣ ಕಾಲುದಾರಿ ಬಿದ್ದಿತ್ತು. ಮೊದಲು ಅದು ಇರಲಿಲ್ಲ.

"ಬಂದ್ಯಾ ದೊಡ್ಡ ಮನಷ್ಯಾ," ಅಂದರು ಮಾಸ್ತರರು. "ಬೂಟು ಭಾರಿ ಅದಾವಲ್ಲೋ."

"ತಂಡದ್ದು ರೀ. ಸೋಮವಾರ ಬಿಚ್ಚಿಸ್ಕೋತಾರ ಕಾಣಸ್ತೈತಿ."

"ಯಾಕ?"

"ಚೆಂಡು ಒಗಿಯೂದು ತಡಾ ಆಗ್ತೈತಂತ್ರಿ. ಇನ್ನೊಂದು ಪಂದ್ಯ ನೋಡತೀವಿ, ಇಲ್ಲಾಂದ್ರ ಮನಿಗೆ ನಡಿ ಅಂದಾರ್ರಿ."

ಯಮನೂರ ಶಾರ್ಟ್‌ಸ್ಟಾಪ್. ಎರಡನೆಯ ಗೋಣಿಗೂ ಮೂರನೆಯದಕ್ಕೂ ನಡುವೆ ನಿಲ್ಲಬೇಕು. ನೆಲ ಹಿಡಿದು ಬರುವ ಚೆಂಡನ್ನು ಎತ್ತಬೇಕು. ಹೊಡೆದವನು ಓಡಿ ಮೊದಲ ಗೋಣಿ ಮುಟ್ಟುವುದರೊಳಗೆ ಚೆಂಡು ಅಲ್ಲಿಗೆ ಮುಟ್ಟಬೇಕು. ಅಷ್ಟೇ ಕೆಲಸ.

"ಎತ್ತೂದು ತಡಾನೋ, ಒಗಿಯೂದೋ?"

"ಎರಡರ ನಡುವರೀ. ಚೆಂಡು ಕೈಯಾಗ ಇರ್ತೈತಿ. ಆ ತಂಡದಾಗ ಯಾರೂ 'ಒಗಿಯೋ ಯಪ್ಪಾ' ಅನ್ನಂಗಿಲ್ರಿ."

ಮಾಸ್ತರರು ಒಲೆಯ ಕಡೆ ನೋಡಿದರು.

ಹತ್ತು ವರ್ಷ ಮೊದಲ ಗೋಣಿಯಲ್ಲಿ ಚೆಂಡು ಹಿಡಿದವಳು ದ್ಯಾಮವ್ವ. ಈ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದು ಬರುವಳು. "ಒಗಿಯೋ ಯಪ್ಪಾ!" ಅಂದಳೆಂದರೆ ಯಮನೂರನ ಕೈ ತಾನಾಗಿಯೇ ಹೋಗುತ್ತಿತ್ತು. ತಿರುಗಿ ಬಂದ ಚೆಂಡಿಗೆ ಜೋಳದ ಹಿಟ್ಟು ಹತ್ತಿರುತ್ತಿತ್ತು.

ಮಾಸ್ತರರು ಬ್ಯಾಟು ಹಿಡಿದು ಎದ್ದು, ಹೊಡೆಯುವ ಗೋಣಿಯ ಹತ್ತಿರ ಹೋದರು. "ನಿಂದ್ರು ನಿನ್ನ ಜಾಗಾದಾಗ."

ಹೊಡೆದರು. ಯಮನೂರ ಬಾಗಿ ಎತ್ತಿದ. ಮೊದಲ ಗೋಣಿಯ ಕಡೆ ನೋಡಿದ. ಕೈ ನಿಂತಿತು.

"ಒಗಿ."

"ಅಲ್ಲಿ ಯಾರೂ ಇಲ್ರಿ."

ಮತ್ತೆ ಹೊಡೆದರು. ಮತ್ತೆ ಕೈ ನಿಂತಿತು.

ಮೂರನೆಯ ಸಲ ಯಮನೂರ ಚೆಂಡು ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. "ಅವ್ವಾರು ಇರಬೇಕಿತ್ರಿ, ಮಾಸ್ತರ."

ಮಾಸ್ತರರು ಬ್ಯಾಟು ನೆಲಕ್ಕೆ ಊರಿಕೊಂಡು ನಿಂತರು.

"ಆಕಿ ಕೂಗೂವಾಗ ಎಲ್ಲಿರ್ತಿದ್ಲೋ?"

"ಗೋಣಿ ಮ್ಯಾಲ್ರಿ."

"ನೀ ನೋಡಿದ್ಯಾ?"

ಯಮನೂರ ನೆನಪು ಮಾಡಿಕೊಂಡ. "ಇಲ್ರಿ. ನಾ ಚೆಂಡು ನೋಡ್ತಿದ್ದೆ."

"ನಾ ನೋಡೀನಿ. ದಿನಾ ಇಲ್ಲೇ ನಿಂತು ಆಕಿನ್ನ ನೋಡೀನಿ. ಆಕಿ ಒಲಿ ಮುಂದಿಂದ ಏಳಕೋತನ ಕೂಗಾಕಿ. ನೀ ಒಗಿಯೂವಾಗ ಗೋಣಿ ಮ್ಯಾಲ ಯಾರೂ ಇರ್ತಿರಲಿಲ್ಲ. ಹತ್ತು ವರ್ಷ ಬರೇ ಗೋಣಿಗೆ ಒಗದೀಯೋ ಹುಚ್ಚಪ್ಪಾ."

ಯಮನೂರ ಎದ್ದು ನಿಂತ.

ಮಾಸ್ತರರು ಈ ಸಲ ಬಿರುಸಾಗಿ ಹೊಡೆದರು.

ಬಾಗಿದ, ಎತ್ತಿದ, ಒಗೆದ. ಯಾರಿದ್ದಾರೆಂದು ನೋಡಲಿಲ್ಲ.

ಚೆಂಡು ಗೋಣಿಯ ಮೇಲೆ ಎದೆಯೆತ್ತರಕ್ಕೆ ಹೋಯಿತು. ದ್ಯಾಮವ್ವನ ಎದೆಯೆತ್ತರಕ್ಕೆ. ಹಾಗೇ ಮುಂದೆ ಹೋಗಿ, ಇಳಿಜಾರಿಗೆ ಬಿದ್ದು, ಜೊಂಡಿನೊಳಗೆ ಸೇರಿತು.

ಇಬ್ಬರೂ ಅತ್ತಲೇ ನೋಡುತ್ತ ನಿಂತರು.

"ಟೈಮಿಗೆ ಹೋತೇನ್ರಿ?"

"ಹೋತು."

"ಯಾರೂ ಹಿಡೀಲಿಲ್ಲಲ್ರಿ, ಮಾಸ್ತರ."

ಮಾಸ್ತರರು ಬೇವಿನ ಗಿಡದ ತನಕ ಬಂದು, ಬ್ಯಾಟನ್ನು ಅದಕ್ಕೆ ಆನಿಸಿ ಇಟ್ಟರು.

"ನಾನೂ ದಿನಾ ಒಗೀತೀನಿ. ಆ ಜೊಂಡಿನ ಹಾದಿ ಮತ್ತ ಹ್ಯಾಂಗ ಬಿತ್ತಂತಿ? ನಡಿ, ಹುಡುಕೋಣು."